ಗೆದ್ದವನು ಸೋತ ಮೊಕದ್ದಮೆ

ಕವಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಸಿ ಹಂಚಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಸುಮಾರು ಸಾವಿರ ವರ್ಷಗಳ ಹಿಂದಿನ ಮಾತಿದು. ಆಗ ಒಂದೊಂದು ಪ್ರತಿಯೂ ಲಿಪಿಕಾರನೊಬ್ಬನ ಕಂಠದ ತುದಿಯಿಂದಲೇ ಮೂಡಬೇಕಾಗಿತ್ತು. ಗರಿಗಳನ್ನು ಹದ ಮಾಡಬೇಕು, ಅಕ್ಷರ ಕೊರೆಯಬೇಕು, ಮಸಿ ತುಂಬಬೇಕು, ದಾರ ಪೋಣಿಸಿ ಕಟ್ಟಬೇಕು. ಹೀಗೆ ಗ್ರಂಥವೊಂದನ್ನು ಪ್ರತಿ ಮಾಡಿಸಿ ಹಂಚುವುದು ಶಾಸ್ತ್ರದಾನವೆನಿಸಿತ್ತು. ಪ್ರತಿ ಮಾಡಿದವನನ್ನು ಕಳ್ಳನೆಂದು ಕರೆಯುವ ಯೋಚನೆ ಆ ಕಾಲದ ಯಾರ ತಲೆಗೂ ಬರುತ್ತಿರಲಿಲ್ಲ. ಪ್ರತಿಗಳು ಹೆಚ್ಚಿದಷ್ಟೂ ಕೃತಿ ಹುಳು ಹಿಡಿಯದೆ, ಬೆಂಕಿಗೆ ಸಿಕ್ಕದೆ ಉಳಿಯುವ ಸಂಭವ ಹೆಚ್ಚು. ಕವಿಗೆ ಬೇಕಾಗಿದ್ದುದೂ ಅದೇ. ಅವನ ಹೊಟ್ಟೆಪಾಡಿಗೆ ಆಶ್ರಯದಾತನಿದ್ದ. ಓದುಗನ ಜೇಬನ್ನು ಅವನು ನಂಬಿಕೊಂಡಿರಲಿಲ್ಲ.

ಪುಣ್ಯಕಾರ್ಯವಾಗಿದ್ದ ಈ ಕೆಲಸ ಅಪರಾಧವಾದದ್ದು ಹೇಗೆ? ತಾನು ಬರೆದದ್ದನ್ನು ಇನ್ನೊಬ್ಬ ಅಚ್ಚು ಹಾಕಿಕೊಂಡು ಹಣ ಮಾಡಿಕೊಂಡಾಗ ಲೇಖಕನಾದವನು ಏನು ಮಾಡಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಒಬ್ಬ ಕಾದಂಬರಿಕಾರನ ಮನೆಬಾಗಿಲಿಗೆ ಬಂದು ನಿಲ್ಲುತ್ತೇವೆ. ಆತ ಚಾರ್ಲ್ಸ್ ಡಿಕನ್ಸ್. ತನ್ನ ಕಾಲದಲ್ಲಿ ಅತ್ಯಂತ ಹೆಚ್ಚು ಓದಿಸಿಕೊಂಡ ಲೇಖಕರಲ್ಲಿ ಒಬ್ಬ; ಆದ್ದರಿಂದಲೇ ಅತ್ಯಂತ ಹೆಚ್ಚು ಕದಿಸಿಕೊಂಡವರಲ್ಲೂ ಒಬ್ಬ.

ಅಚ್ಚಿನ ಮೊಳೆ ತಂದ ಪ್ರಶ್ನೆ

ಯಂತ್ರ ಬಂದ ಮೇಲೆ ಸಾವಿರ ಪ್ರತಿ ತೆಗೆಯುವುದು ಕೆಲವು ದಿನಗಳ ಕೆಲಸವಾಯಿತು. ಪುಸ್ತಕ ಮಾರಾಟದ ಸರಕಾಯಿತು. ಸರಕೆಂದ ಮೇಲೆ ಒಡೆಯನಿರಬೇಕಲ್ಲ? ಇಂಗ್ಲೆಂಡಿನಲ್ಲಿ ಮೊದಮೊದಲು ಒಡೆಯರಾಗಿದ್ದವರು ಮುದ್ರಕರು ಮತ್ತು ಪುಸ್ತಕ ವ್ಯಾಪಾರಿಗಳ ಸಂಘದವರು. ಲೇಖಕ ಹಸ್ತಪ್ರತಿಯನ್ನು ಒಮ್ಮೆ ಮಾರಿದನೆಂದರೆ ಅಲ್ಲಿಗೆ ಅವನ ಪಾತ್ರ ಮುಗಿಯುತ್ತಿತ್ತು. ರಾಣಿ ಆನ್‌ಳ ಆಳ್ವಿಕೆಯಲ್ಲಿ, 1710ರಲ್ಲಿ ಜಾರಿಗೆ ಬಂದ ಶಾಸನವೊಂದು ಈ ಲೆಕ್ಕವನ್ನು ಬದಲಿಸಿತು. ಹೊಸ ಪುಸ್ತಕದ ಹಕ್ಕು 14 ವರ್ಷ ಲೇಖಕನದು ಅಥವಾ ಅವನಿಂದ ಕೊಂಡವನದು; ಅವಧಿ ಮುಗಿದಾಗ ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಬರೆದವನಿಗೆ ಬರಹದ ಮೇಲೆ ಹಕ್ಕುಂಟು ಎಂದು ಕಾನೂನು ಸ್ಪಷ್ಟವಾಗಿ ಹೇಳಿದ್ದು ಆಗ.

ಆದರೆ ಆ ಹಕ್ಕಿಗೆ ಕೊನೆಯುಂಟೋ ಇಲ್ಲವೋ? ವ್ಯಾಪಾರಿಗಳು ಇಲ್ಲವೆಂದರು. ಹೊಲ ಮನೆಗಳಂತೆ ಅದೂ ಶಾಶ್ವತ ಆಸ್ತಿ ಎಂಬುದು ಅವರ ವಾದ. ಎಡಿನ್‌ಬರೋದ ಪುಸ್ತಕ ವ್ಯಾಪಾರಿ ಅಲೆಗ್ಸಾಂಡರ್ ಡೊನಾಲ್ಡ್‌ಸನ್ ಹಳೆಯ ಕೃತಿಗಳನ್ನು ಅಗ್ಗವಾಗಿ ಅಚ್ಚು ಹಾಕಿ ಮಾರಿ ಈ ವಾದವನ್ನು ಎದುರಿಸಿದ. ಮೊಕದ್ದಮೆ ಬ್ರಿಟನ್ನಿನ ಮೇಲ್ಮನೆಯವರೆಗೆ ಹೋಯಿತು. 1774ರಲ್ಲಿ ತೀರ್ಪು ಡೊನಾಲ್ಡ್‌ಸನ್ ಪರವಾಯಿತು: ಪ್ರಕಟವಾದ ಕೃತಿಯ ಮೇಲಿನ ಹಕ್ಕು ಶಾಸನ ಹೇಳಿದಷ್ಟು ವರ್ಷ ಮಾತ್ರ; ಆಮೇಲೆ ಅದು ಎಲ್ಲರ ಸ್ವತ್ತು. ಇಂದು ಜಗತ್ತಿನ ಬಹುತೇಕ ದೇಶಗಳ ಕೃತಿಸ್ವಾಮ್ಯ ಕಾನೂನುಗಳು ನಿಂತಿರುವುದು ಈ ಎರಡು ಕಾಲುಗಳ ಮೇಲೆ. ಬರೆದವನಿಗೆ ಹಕ್ಕುಂಟು, ಆ ಹಕ್ಕಿಗೆ ಗಡುವೂ ಉಂಟು.

‘ಬಾಸ್’ನ ಹಾವಳಿ

1836ರಲ್ಲಿ ತಿಂಗಳ ಕಂತುಗಳಾಗಿ ಹೊರಬರತೊಡಗಿದ ‘ಪಿಕ್‌ವಿಕ್ ಪೇಪರ್ಸ್’ ಡಿಕನ್ಸ್‌ನನ್ನು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮನೆಮಾತಾಗಿಸಿತು. ಆತ ಆಗ ‘ಬಾಝ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಮರುವರ್ಷವೇ ಎಡ್ವರ್ಡ್ ಲಾಯ್ಡ್ ಎಂಬ ಪ್ರಕಾಶಕ ‘ಬಾಸ್’ ಎಂಬ ಹೆಸರಿನಲ್ಲಿ ‘ಪೆನ್ನಿ ಪಿಕ್‌ವಿಕ್’ ಹೊರಡಿಸಿದ. ಅವೇ ಪಾತ್ರಗಳು, ಅವೇ ಸಂದರ್ಭಗಳು; ಬೆಲೆ ಮಾತ್ರ ಒಂದು ಪೆನ್ನಿ. ಕಂತಿಗೊಂದು ಶಿಲಿಂಗ್, ಅಂದರೆ ಹನ್ನೆರಡು ಪೆನ್ನಿ ಕೊಡಲಾರದ ಕೂಲಿಕಾರರು ಇದನ್ನೇ ಕೊಂಡು ಓದಿದರು. ಆಮೇಲೆ ‘ಆಲಿವರ್ ಟ್ವಿಸ್’ ಬಂತು, ‘ನಿಕೆಲಸ್ ನಿಕಲ್‌ಬೆರಿ’ ಬಂತು. ಹೆಸರಿನ ಒಂದೆರಡು ಅಕ್ಷರ ಬದಲಾದರೆ ಸಾಕಿತ್ತು.

ಪಿಕ್‌ವಿಕ್‌ನ ಪ್ರಕಾಶಕರಾದ ಚಾಪ್‌ಮನ್ ಅಂಡ್ ಹಾಲ್ 1837ರಲ್ಲಿ ಲಾಯ್ಡ್ ಮೇಲೆ ತಡೆಯಾಜ್ಞೆ ಕೋರಿದರು. ನ್ಯಾಯಾಧೀಶರು ಕೊಡಲಿಲ್ಲ. ಅಷ್ಟು ಕಳಪೆಯಾದ ಸರಕನ್ನು ಯಾರೂ ಅಸಲಿ ಎಂದು ಭ್ರಮಿಸಲಾರರು ಎಂಬುದು ಅವರ ಅಭಿಪ್ರಾಯ. ನಕಲು ಕೆಟ್ಟದಾಗಿದ್ದಷ್ಟೂ ನಕಲಿಗನಿಗೆ ರಕ್ಷಣೆ ಎಂಬ ವಿಚಿತ್ರ ಪರಿಸ್ಥಿತಿ!

ಡಿಕನ್ಸ್ ತನ್ನ ಬಳಿಯಿದ್ದ ಆಯುಧವನ್ನೇ ಎತ್ತಿಕೊಂಡ. ಮುಂದಿನ ಕಾದಂಬರಿ ‘ನಿಕೊಲಸ್ ನಿಕಲ್ಬಿ’ ಆರಂಭವಾಗುವ ಮುನ್ನ, 1838ರಲ್ಲಿ, ಕೃತಿಚೋರರನ್ನೆಲ್ಲ ನೇಣಿಗೇರಿಸುವುದಾಗಿ ರಾಜಘೋಷಣೆಯ ಧಾಟಿಯಲ್ಲಿ ಒಂದು ಹಾಸ್ಯದ ಪ್ರಕಟಣೆ ಹೊರಡಿಸಿದ. ಕಳ್ಳರು ನಕ್ಕು ತಮ್ಮ ಕೆಲಸ ಮುಂದುವರಿಸಿದರು. ಕಾದಂಬರಿ ಇನ್ನೂ ಕಂತುಗಳಲ್ಲಿ ಬರುತ್ತಿರುವಾಗಲೇ ಡಬ್ಲ್ಯು. ಟಿ. ಮಾಂಕ್ರಿಫ್ ಎಂಬ ನಾಟಕಕಾರ ತನ್ನದೇ ಅಂತ್ಯ ಹೊಸೆದು ಅದನ್ನು ರಂಗಕ್ಕೆ ತಂದ. ಡಿಕನ್ಸ್ ಅದೇ ಕಾದಂಬರಿಯ ಮುಂದಿನ ಕಂತೊಂದರಲ್ಲಿ 247 ಕಾದಂಬರಿಗಳನ್ನು ನಾಟಕವಾಗಿಸಿದ ಮಹಾಶಯನೊಬ್ಬನನ್ನು ತಂದು ಕೂರಿಸಿ, ನಾಯಕನ ಬಾಯಿಂದ ಅವನಿಗೆ ಛೀಮಾರಿ ಹಾಕಿಸಿದ. ಓದುಗರಿಗೆ ಯಾರ ಮಾತೆಂಬುದು ತಿಳಿಯಿತು. ಆದರೆ ಗೇಲಿಯಿಂದ ಕೃತಿಚೌರ್ಯ ನಿಲ್ಲಲಿಲ್ಲ.

ಎರಡು ಪೆನ್ಸಿನ ಕ್ರಿಸ್‌ಮಸ್ ಕಥೆ

1842ರಲ್ಲಿ ಇಂಗ್ಲೆಂಡಿಗೆ ಹೊಸ ಕೃತಿಸ್ವಾಮ್ಯ ಶಾಸನ ಬಂತು. ಅದಕ್ಕಾಗಿ ಪಾರ್ಲಿಮೆಂಟಿನಲ್ಲಿ ಐದು ವರ್ಷಗಳ ಹಿಂದೆ ಹೋರಾಟ ಆರಂಭಿಸಿದ್ದವನು ಥಾಮಸ್ ನೂನ್ ಟಾಲ್ಫರ್ಡ್. ವಕೀಲ, ನಾಟಕಕಾರ, ಡಿಕನ್ಸ್‌ನ ಗೆಳೆಯ. ‘ಪಿಕ್‌ವಿಕ್ ಪೇಪರ್ಸ್’ ಅರ್ಪಣೆಯಾದದ್ದೂ ಅವನಿಗೇ. ಅವನ ಮಸೂದೆಯನ್ನು 1841ರಲ್ಲಿ ಕಟುವಾಗಿ ವಿರೋಧಿಸಿದವನು ಮತ್ತಾರೂ ಅಲ್ಲ, ಭಾರತದ ಶಿಕ್ಷಣ ಚರಿತ್ರೆಯಲ್ಲಿ ಹೆಸರು ಕೇಳಿಬರುವ ಮೆಕಾಲೆ. ಲೇಖಕನಿಗೆ ಪ್ರತಿಫಲ ಸಿಗಬೇಕೆಂಬುದನ್ನು ಆತ ಒಪ್ಪಿದ್ದ. ಆದರೆ ಕೃತಿಸ್ವಾಮ್ಯವೆಂದರೆ ಓದುಗರ ಮೇಲೆ ಹಾಕುವ ತೆರಿಗೆ. ಅಗತ್ಯಕ್ಕಿಂತ ಒಂದು ದಿನವೂ ಅದು ಹೆಚ್ಚಾಗಿರಬಾರದು ಎಂಬುದು ಅವನ ನಿಲುವು. ಕೊನೆಗೆ ಪ್ರಕಟಣೆಯಿಂದ 42 ವರ್ಷ ಅಥವಾ ಲೇಖಕನ ಜೀವಿತಾವಧಿ ಮತ್ತು ಅನಂತರದ 7 ವರ್ಷ, ಇವೆರಡರಲ್ಲಿ ಯಾವುದು ದೀರ್ಘವೋ ಅದು ಎಂದು ತೀರ್ಮಾನವಾಯಿತು.

ಈ ಕಾನೂನು ಹೊಸದಾಗಿದ್ದಾಗಲೇ ಡಿಕನ್ಸ್ ‘ಎ ಕ್ರಿಸ್‌ಮಸ್ ಕ್ಯಾರಲ್’ ಬರೆದ. 1843ರ ಡಿಸೆಂಬರ್ 19ರಂದು ಪ್ರಕಟವಾದ ಈ ಪುಟ್ಟ ಪುಸ್ತಕದ ಬೆಲೆ ಐದು ಶಿಲಿಂಗ್. ಮೊದಲು ಅಚ್ಚಾದ ಆರು ಸಾವಿರ ಪ್ರತಿಗಳು ಹಬ್ಬದ ಹೊತ್ತಿಗೆ ಮುಗಿದುಹೋದವು. ಆದರೆ ಬಣ್ಣದ ಚಿತ್ರ, ಒಳ್ಳೆಯ ರಟ್ಟು ಎಂದು ಖರ್ಚು ವಿಪರೀತವಾಗಿತ್ತು. ಸಾವಿರ ಪೌಂಡ್ ನಿರೀಕ್ಷಿಸಿದ್ದ ಲೇಖಕನಿಗೆ ಆ ಆರು ಸಾವಿರ ಪ್ರತಿಗಳಿಂದ ದಕ್ಕಿದ್ದು 230 ಪೌಂಡ್. ಮನೆ ತುಂಬ ಮಕ್ಕಳು, ಮೇಲೆ ಸಾಲ. ಅಂಥ ಹೊತ್ತಿನಲ್ಲಿ, 1844ರ ಜನವರಿ ಮೊದಲ ವಾರ, ‘ಪಾರ್ಲೀಸ್ ಇಲ್ಯುಮಿನೇಟೆಡ್ ಲೈಬ್ರರಿ’ ಎಂಬ ಅಗ್ಗದ ಪತ್ರಿಕೆ ಅದೇ ಕಥೆಯನ್ನು ತುಸು ತಿದ್ದಿ ಎರಡು ಪೆನ್ಸಿಗೆ ಮಾರತೊಡಗಿತು.

ಡಿಕನ್ಸ್ ತಡಮಾಡಲಿಲ್ಲ. ಕೆಲವೇ ದಿನಗಳಲ್ಲಿ ಚಾನ್ಸರಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಅವನ ಪರ ನಿಂತ ವಕೀಲ ಟಾಲ್ಫರ್ಡ್. ಪ್ರತಿವಾದಿಗಳ ಉತ್ತರ ಇಂದಿಗೂ ಕೇಳುವಂತಿದೆ. ತಾವು ಮಾಡಿದ್ದು ನಕಲಲ್ಲ, ಸಂಗ್ರಹ. ನ್ಯಾಯವಾದ ಸಂಗ್ರಹಕ್ಕೆ ಹಳೆಯ ತೀರ್ಪುಗಳ ಆಧಾರವಿದೆ. ಡಿಕನ್ಸ್‌ನ ಹಿಂದಿನ ಕಾದಂಬರಿಗಳನ್ನೂ ಹೀಗೆಯೇ ಸಂಗ್ರಹಿಸಿದಾಗ ಆತ ಚಕಾರವೆತ್ತಿರಲಿಲ್ಲ. ಅಲ್ಲದೆ ತಮ್ಮ ಲೇಖಕ ಮೂಲದ ಕುಂದುಗಳನ್ನು ಸರಿಪಡಿಸಿ, ಪುಟ್ಟ ಹುಡುಗ ಟಿಮ್ ಹಾಡುವ ಹಾಡೊಂದನ್ನು ಹೊಸದಾಗಿ ರಚಿಸಿ ಕಥೆಯನ್ನು ಉತ್ತಮಪಡಿಸಿದ್ದಾನೆ! ನ್ಯಾಯಾಧೀಶ ನೈಟ್ ಬ್ರೂಸ್ ಈ ವಾದಗಳಿಗೆ ಮಣಿಯಲಿಲ್ಲ. ತಡೆಯಾಜ್ಞೆ ಸಿಕ್ಕಿತು. ಕಳ್ಳರು ಮಣ್ಣು ಮುಕ್ಕಿದರೆಂದು ಡಿಕನ್ಸ್ ಗೆಳೆಯರಿಗೆ ಸಂಭ್ರಮದ ಪತ್ರ ಬರೆದ.

ಸಂಭ್ರಮ ಬಹಳ ದಿನ ಉಳಿಯಲಿಲ್ಲ. ನಷ್ಟ ಪರಿಹಾರದ ಮಾತು ಬಂದಾಗ ಪ್ರತಿವಾದಿಗಳು ದಿವಾಳಿ ಘೋಷಿಸಿಕೊಂಡರು. ಅವರಿಂದ ಚಿಕ್ಕಾಸೂ ಹುಟ್ಟಲಿಲ್ಲ. ವಕೀಲರ ಶುಲ್ಕ, ನ್ಯಾಯಾಲಯದ ಖರ್ಚು ಸೇರಿ ಸುಮಾರು 700 ಪೌಂಡ್ ಗೆದ್ದವನ ತಲೆಗೇ ಬಿತ್ತು. ಅಂದರೆ ಮೊದಲ ಮುದ್ರಣದ ಆದಾಯದ ಮೂರು ಪಟ್ಟು! ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಕೋರ್ಟು ಕಚೇರಿಗಳ ಬಗ್ಗೆ ನಮ್ಮಲ್ಲಿ ಹೇಳುವುದುಂಟು. ಇಲ್ಲಿ ಸೋತವರು ಸಾಯಲೂ ಇಲ್ಲ, ಜಾರಿಕೊಂಡರು.

ಎರಡು ವರ್ಷಗಳ ನಂತರ ಮತ್ತೊಂದು ಇಂಥದೇ ಪ್ರಸಂಗ ಎದುರಾದಾಗ ಡಿಕನ್ಸ್ ಮೊಕದ್ದಮೆ ಹೂಡಲು ಒಪ್ಪಲಿಲ್ಲ. ಕಾನೂನಿನ ಕೈಗೆ ಸಿಕ್ಕಿ ನರಳುವುದಕ್ಕಿಂತ ಅನ್ಯಾಯವನ್ನೇ ಸಹಿಸಿಕೊಳ್ಳುವುದು ಮೇಲು ಎಂದು ಆಪ್ತಮಿತ್ರ ಜಾನ್ ಫಾರ್‌ಸ್ಟರ್‌ಗೆ ಬರೆದ. 1852ರಲ್ಲಿ ಆರಂಭವಾದ ‘ಬ್ಲೀಕ್ ಹೌಸ್’ನಲ್ಲಿ, ಇಡೀ ಆಸ್ತಿ ಖರ್ಚಿನಲ್ಲೇ ಕರಗಿ ಕೊನೆಗೊಳ್ಳುವ ಚಾನ್ಸರಿ ಮೊಕದ್ದಮೆಯೊಂದಿದೆ. ಅದನ್ನು ಬರೆದವನು ಆ ನ್ಯಾಯಾಲಯದ ಬಿಸಿಯನ್ನು ಸ್ವತಃ ಉಂಡಿದ್ದ.

ಸಾಗರದಾಚೆಯ ಕಾನೂನು

ಇಂಗ್ಲೆಂಡಿನಲ್ಲಿ ಕಾನೂನಾದರೂ ಇತ್ತು. ಅಮೆರಿಕದಲ್ಲಿ ಅದೂ ಇರಲಿಲ್ಲ. ಅಲ್ಲಿನ 1790ರ ಶಾಸನ ರಕ್ಷಣೆ ನೀಡಿದ್ದು ತನ್ನ ಪ್ರಜೆಗಳಿಗೆ ಮತ್ತು ನಿವಾಸಿಗಳಿಗೆ ಮಾತ್ರ. ಹೊರದೇಶದ ಲೇಖಕರ ಕೃತಿಗಳ ಮರುಮುದ್ರಣಕ್ಕೆ ಅಡ್ಡಿಯಿಲ್ಲವೆಂದು ಅದರಲ್ಲೇ ಬರೆದಿತ್ತು. ಆದ್ದರಿಂದ ಲಂಡನ್ನಿನಿಂದ ಹಡಗು ಬಂದ ಕೂಡಲೇ ಫಿಲಡೆಲ್ಫಿಯಾ, ನ್ಯೂಯಾರ್ಕ್, ಬಾಸ್ಟನ್‌ಗಳ ಮುದ್ರಕರು ಹೊಸ ಪುಸ್ತಕಕ್ಕಾಗಿ ಪೈಪೋಟಿ ನಡೆಸುತ್ತಿದ್ದರು. ಕೆಲವೇ ಸೆಂಟುಗಳಿಗೆ ಇಡೀ ಕಾದಂಬರಿ ಓದುಗನ ಕೈ ಸೇರುತ್ತಿತ್ತು. ಲೇಖಕನಿಗೆ ಕೀರ್ತಿ ಸೇರುತ್ತಿತ್ತು, ಅಷ್ಟೇ.

1842ರ ಜನವರಿಯಲ್ಲಿ ಡಿಕನ್ಸ್ ಬಾಸ್ಟನ್ ಬಂದರಿನಲ್ಲಿಳಿದಾಗ ರಾಜನಿಗೂ ಸಿಗದ ಸ್ವಾಗತ ಸಿಕ್ಕಿತು. ಬಾಸ್ಟನ್ ಮತ್ತು ಹಾರ್ಟ್‌ಫರ್ಡ್‌ಗಳ ಔತಣಕೂಟಗಳಲ್ಲಿ ಆತ ಅಂತರರಾಷ್ಟ್ರೀಯ ಕೃತಿಸ್ವಾಮ್ಯದ ಮಾತೆತ್ತಿದ. ಸಾಲದ ಹೊರೆಯಡಿ ಬರೆಬರೆದು 1832ರಲ್ಲಿ ಕಣ್ಣುಮುಚ್ಚಿದ ಸರ್ ವಾಲ್ಟರ್ ಸ್ಕಾಟ್‌ನನ್ನು ನೆನೆದ. ಅವನ ಕೃತಿಗಳನ್ನು ಮೆಚ್ಚಿ ಓದಿದ ಈ ದೇಶ ಅವನಿಗೆ ನ್ಯಾಯವಾದ ಪಾಲು ಕೊಟ್ಟಿದ್ದರೆ ಆತ ಹಾಗೆ ಕುಸಿಯುತ್ತಿರಲಿಲ್ಲ ಎಂಬುದು ಅವನ ಮಾತಿನ ಸಾರ. ಪತ್ರಿಕೆಗಳು ತಿರುಗಿಬಿದ್ದವು. ಅತಿಥಿಯಾಗಿ ಬಂದವನು ಊಟದ ಮೇಜಿನ ಮೇಲೆ ಬಿಲ್ಲು ಇಡುತ್ತಿದ್ದಾನೆ, ಇವನು ಹಣದಾಸೆಯವನು ಎಂದು ಬರೆದವು. ಹಾಗೆ ಬರೆದ ಪತ್ರಿಕೆಗಳಲ್ಲಿ ಕೆಲವು ಅವನ ಕಾದಂಬರಿಗಳನ್ನೇ ಪುಗಸಟ್ಟೆ ಅಚ್ಚು ಹಾಕಿ ಬದುಕುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ. ಊರಿಗೆ ಮರಳಿ ಅದೇ ವರ್ಷದ ಅಕ್ಟೋಬರಿನಲ್ಲಿ ಆತ ‘ಅಮೆರಿಕನ್ ನೋಟ್ಸ್’ ಪ್ರಕಟಿಸಿದ. ಅಮೆರಿಕವನ್ನು ಟೀಕಿಸಿದ ಆ ಪುಸ್ತಕವನ್ನೂ ಅಮೆರಿಕನ್ನರು ತಕ್ಷಣ ಕದ್ದು ಮುದ್ರಿಸಿ ಹತ್ತಾರು ಸಾವಿರ ಪ್ರತಿ ಮಾರಿದರು.

ಆದರೆ ಅಮೆರಿಕನ್ನರ ವಾದದಲ್ಲಿ ಹುರುಳಿರಲಿಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. ಹೊಸ ದೇಶ, ಹಳ್ಳಿ ಹಳ್ಳಿಗೂ ಶಾಲೆ, ಓದಲು ಹಸಿದ ಜನ. ಅಗ್ಗದ ಪುಸ್ತಕವಿಲ್ಲದೆ ಆ ಹಸಿವು ಹಿಂಗುತ್ತಿರಲಿಲ್ಲ. ಕಾಗದದ ಕಾರ್ಖಾನೆ, ಅಚ್ಚುಕೂಟ, ರಟ್ಟು ಕಟ್ಟುವವರು ಎಲ್ಲರ ಅನ್ನವೂ ಇದರಲ್ಲಿತ್ತು. ಪೆನ್ನಿ ಪಿಕ್‌ವಿಕ್ ಕೊಂಡ ಲಂಡನ್ನಿನ ಕೂಲಿಯವನ ಸಮರ್ಥನೆಯೂ ಇದೇ ಆಗಿತ್ತು.

ಈ ಅಗ್ಗದ ಬೆಲೆಯನ್ನು ನಿಜವಾಗಿ ತೆತ್ತವರು ಯಾರು ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ಡಿಕನ್ಸ್ ಪುಕ್ಕಟೆಯಾಗಿ ಸಿಗುವಾಗ ಹಣ ಕೊಟ್ಟು ಅಮೆರಿಕನ್ ಲೇಖಕನ ಹಸ್ತಪ್ರತಿಯನ್ನು ಯಾವ ಪ್ರಕಾಶಕ ಕೊಳ್ಳುತ್ತಾನೆ? 1842ರಲ್ಲಿ ಫಿಲಡೆಲ್ಫಿಯಾದಲ್ಲಿ ಡಿಕನ್ಸ್‌ನನ್ನು ಭೇಟಿಯಾದ ಎಡ್ಗರ್ ಅಲನ್ ಪೋ ಬಡತನದಲ್ಲೇ ಬದುಕಿ ಬಡತನದಲ್ಲೇ ಸತ್ತ; ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಇಲ್ಲದಿರುವುದೇ ತನ್ನಂಥವರಿಗೆ ಮುಳುವಾಗಿದೆ ಎಂದು ಆತ ದೂರುತ್ತಿದ್ದ. ಕಳ್ಳತನ ಒಂದೇ ದಿಕ್ಕಿನದೂ ಆಗಿರಲಿಲ್ಲ. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಹೊರಬಂದಾಗ ಬ್ರಿಟನ್ನಿನ ಪ್ರಕಾಶಕರು ನಾಮುಂದು ತಾಮುಂದು ಎಂದು ಅದನ್ನು ಮುದ್ರಿಸಿ ಲಕ್ಷಾಂತರ ಪ್ರತಿ ಮಾರಿದರು. ಬರೆದಾಕೆಗೆ ಸಂದದ್ದು ಅತ್ಯಲ್ಪ.

ಕಳ್ಳನಿಗಿಂತ ಮುಂದೆ ಓಡುವುದು

ಕಾನೂನಿಲ್ಲದ ಕಡೆ ಲೇಖಕರು ಬೇರೆ ಉಪಾಯಗಳನ್ನು ಕಂಡುಕೊಂಡರು. ಅವುಗಳಲ್ಲಿ ಮೊದಲನೆಯದು ಕಾಲವನ್ನು ಮಾರುವುದು. ಪುಸ್ತಕ ಲಂಡನ್ನಿನಲ್ಲಿ ಬಿಡುಗಡೆಯಾಗುವ ಮುನ್ನವೇ ಅದರ ಕರಡಚ್ಚುಗಳನ್ನು ಅಮೆರಿಕದ ಒಬ್ಬ ಪ್ರಕಾಶಕನಿಗೆ ಹಣಕ್ಕೆ ಕೊಟ್ಟುಬಿಡುವುದು. ಅವನಿಗೆ ಉಳಿದವರಿಗಿಂತ ಕೆಲವು ದಿನ ಮುಂಚೆ ಮಾರುಕಟ್ಟೆ ಸಿಗುತ್ತದೆ. ಕದ್ದು ಮುದ್ರಿಸುವವರು ಬರುವ ಹೊತ್ತಿಗೆ ಮೊದಲ ಬೆಳೆ ಕೊಯ್ದಾಗಿರುತ್ತದೆ. ದೊಡ್ಡ ಪ್ರಕಾಶಕರ ನಡುವೆ, ಒಬ್ಬ ಹಣ ಕೊಟ್ಟ ಲೇಖಕನನ್ನು ಇನ್ನೊಬ್ಬ ಮುಟ್ಟಬಾರದೆಂಬ ಒಂದು ಬಗೆಯ ಮರ್ಯಾದೆಯೂ ಬೆಳೆಯಿತು. 1842ರಲ್ಲಿ ಅಮೆರಿಕದ ಪ್ರಕಾಶಕರ ಸಹವಾಸವೇ ಬೇಡವೆಂದಿದ್ದ ಡಿಕನ್ಸ್ ಹತ್ತು ವರ್ಷಗಳ ನಂತರ ಮೆತ್ತಗಾದ. ‘ಬ್ಲೀಕ್ ಹೌಸ್’ನ ಕರಡಚ್ಚುಗಳನ್ನು ನ್ಯೂಯಾರ್ಕಿನ ಹಾರ್ಪರ್ ಸಂಸ್ಥೆಗೆ ಹಣಕ್ಕೆ ಕೊಟ್ಟ.

ಎರಡನೆಯ ಉಪಾಯ, ನಕಲಾಗದ್ದನ್ನು ಮಾರುವುದು. ಪುಟಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಲೇಖಕನ ಕಂಠವನ್ನು ಆ ಕಾಲದಲ್ಲಿ ಅಚ್ಚು ಹಾಕುವಂತಿರಲಿಲ್ಲ. 1867ರ ನವೆಂಬರಿನಲ್ಲಿ ಡಿಕನ್ಸ್ ಎರಡನೆಯ ಬಾರಿ ಅಮೆರಿಕಕ್ಕೆ ಹೋದ. ಈ ಸಲ ತನ್ನ ಕೃತಿಗಳನ್ನು ತಾನೇ ಓದಿ ಹೇಳಲು. ಟಿಕೆಟ್ಟಿಗಾಗಿ ಚಳಿಯಲ್ಲಿ ಜನ ರಾತ್ರಿಯಿಡೀ ಸಾಲುಗಟ್ಟಿ ನಿಂತರು. ಮರುವರ್ಷದ ಏಪ್ರಿಲ್‌ವರೆಗೆ ಎಪ್ಪತ್ತಕ್ಕೂ ಹೆಚ್ಚು ವಾಚನಗಳು ನಡೆದು, ಖರ್ಚು ಕಳೆದು ಸುಮಾರು 19,000 ಪೌಂಡ್ ಉಳಿಯಿತು. ವಿಚಿತ್ರವೆಂದರೆ ಆ ಸಭಾಂಗಣಗಳನ್ನು ತುಂಬಿದ್ದವರಲ್ಲಿ ಹೆಚ್ಚಿನವರು ಅವನನ್ನು ಓದಿದ್ದು ಅಗ್ಗದ ಪ್ರತಿಗಳಲ್ಲಿ. ಕಳವು ಬಿತ್ತಿದ ಬೀಜದ ಫಸಲನ್ನು ಲೇಖಕ ತಾನೇ ಕೊಯ್ದುಕೊಂಡ. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಊದಿದ ಕಾಲು, ಬಿಡದ ಕೆಮ್ಮು, ನಿದ್ದೆಯಿಲ್ಲದ ರಾತ್ರಿಗಳ ನಡುವೆ ನಡೆದ ಪ್ರವಾಸವದು. ಎರಡು ವರ್ಷ ಕಳೆದು, 1870ರ ಜೂನ್ 9ರಂದು, ಐವತ್ತೆಂಟರ ವಯಸ್ಸಿನಲ್ಲಿ ಆತ ತೀರಿಕೊಂಡ.

ಗೀತನಾಟಕಕಾರರಾದ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿ ಸಾಗರವನ್ನೇ ದಾಟಿ ಕಳ್ಳರಿಗೆ ಎದುರಾಯಿತು. 1878ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಅವರ ‘ಎಚ್.ಎಂ.ಎಸ್. ಪಿನಾಫೋರ್’ ಅಮೆರಿಕದಲ್ಲಿ ಹತ್ತಾರು ತಂಡಗಳಿಂದ ಅನುಮತಿಯಿಲ್ಲದೆ ಪ್ರದರ್ಶನಗೊಂಡಿತ್ತು. ಮುಂದಿನ ನಾಟಕವನ್ನು ಅವರು ನ್ಯೂಯಾರ್ಕಿನಲ್ಲೇ ಉದ್ಘಾಟಿಸಲು ತೀರ್ಮಾನಿಸಿದರು. 1879ರ ಡಿಸೆಂಬರ್ 31ರಂದು ಅಲ್ಲಿ ಪರದೆ ಎದ್ದಿತು. ಬ್ರಿಟಿಷ್ ಹಕ್ಕು ಕೈತಪ್ಪದಿರಲೆಂದು ಹಿಂದಿನ ದಿನ ಇಂಗ್ಲೆಂಡಿನ ಪೇಂಟನ್ ಎಂಬ ಸಣ್ಣ ಊರಿನಲ್ಲಿ ಅವಸರದ ಒಂದು ಪ್ರದರ್ಶನವನ್ನೂ ನಡೆಸಿದ್ದರು. ಆ ನಾಟಕದ ಹೆಸರು ‘ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್’, ಅಂದರೆ ಪೆನ್‌ಜಾನ್ಸಿನ ಕಡಲ್ಗಳ್ಳರು!

ಓದುಗರ ನ್ಯಾಯಾಲಯ

ದೇಶದೇಶಗಳ ನಡುವಿನ ಈ ಗೊಂದಲಕ್ಕೆ ಪರಿಹಾರವಾಗಿ 1886ರ ಸೆಪ್ಟೆಂಬರ್ 9ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಒಪ್ಪಂದವೊಂದು ಏರ್ಪಟ್ಟಿತು. ಸದಸ್ಯ ದೇಶವೊಂದು ತನ್ನ ಲೇಖಕರಿಗೆ ಕೊಡುವ ರಕ್ಷಣೆಯನ್ನೇ ಇತರ ಸದಸ್ಯ ದೇಶಗಳ ಲೇಖಕರಿಗೂ ಕೊಡಬೇಕೆಂಬುದು ಅದರ ತಿರುಳು. ಇದಕ್ಕೆ ಮುನ್ನ 1878ರಲ್ಲಿ ಪ್ಯಾರಿಸ್ಸಿನಲ್ಲಿ ಲೇಖಕರ ಅಂತರರಾಷ್ಟ್ರೀಯ ಸಂಘ ಹುಟ್ಟಿದಾಗ ಮುಂದೆ ನಿಂತವನು ವಿಕ್ಟರ್ ಹ್ಯೂಗೊ. ಅಮೆರಿಕ ಮಾತ್ರ ಹೊರಗೇ ಉಳಿಯಿತು. 1891ರಲ್ಲಿ ಅದು ವಿದೇಶೀ ಲೇಖಕರಿಗೆ ಹಕ್ಕು ಕೊಟ್ಟಿತಾದರೂ ಪುಸ್ತಕದ ಮೊಳೆ ಜೋಡಣೆ ಅಮೆರಿಕದಲ್ಲೇ ಆಗಬೇಕೆಂಬ ಷರತ್ತು ಹಾಕಿತು. ಬರ್ನ್ ಒಪ್ಪಂದಕ್ಕೆ ಅಮೆರಿಕ ಸೇರಿದ್ದು 1989ರಲ್ಲಿ, ಡಿಕನ್ಸ್‌ನ ಹಾರ್ಟ್‌ಫರ್ಡ್ ಭಾಷಣದ 147 ವರ್ಷಗಳ ನಂತರ.

ಆ ಹಳೆಯ ಷರತ್ತಿನ ಬಾಲ ಇಪ್ಪತ್ತನೆಯ ಶತಮಾನದಲ್ಲೂ ಒಬ್ಬ ಲೇಖಕನನ್ನು ಕಾಡಿತು. ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಪ್ರಕಟವಾಗಿತ್ತು. ಅಮೆರಿಕದ ಆವೃತ್ತಿಗೆ ಇಂಗ್ಲೆಂಡಿನಲ್ಲಿ ಅಚ್ಚಾದ ಹಾಳೆಗಳನ್ನು ತರಿಸಿಕೊಳ್ಳಲಾಗಿತ್ತು. ಹಾಗೆ ತರಿಸುವ ಪ್ರತಿಗಳಿಗೆ ಕಾನೂನಿನಲ್ಲಿ ಮಿತಿಯಿತ್ತು. ಆ ಮಿತಿ ದಾಟಿದ್ದರಿಂದ ಕೃತಿಗೆ ಅಮೆರಿಕದಲ್ಲಿ ರಕ್ಷಣೆಯಿಲ್ಲ ಎಂದು ವಾದಿಸಿ ಏಸ್ ಬುಕ್ಸ್ ಎಂಬ ಪ್ರಕಾಶನ ಸಂಸ್ಥೆ 1965ರಲ್ಲಿ 75 ಸೆಂಟಿನ ಅಗ್ಗದ ಆವೃತ್ತಿ ತಂದಿತು. ಲೇಖಕನಿಗೆ ಗೌರವಧನವಿಲ್ಲ.

ಟೋಲ್ಕಿನ್ ಕೋರ್ಟಿಗೆ ಧಾವಿಸಲಿಲ್ಲ. ಅವರು ಮಾಡಿದ್ದು ಎರಡು ಕೆಲಸ. ಪಠ್ಯವನ್ನು ಪರಿಷ್ಕರಿಸಿ, ಅದೇ ವರ್ಷ ಬ್ಯಾಲಂಟೈನ್ ಸಂಸ್ಥೆಯಿಂದ 95 ಸೆಂಟಿನ ಅಧಿಕೃತ ಆವೃತ್ತಿ ಹೊರಡಿಸಿದರು. ಬದುಕಿರುವ ಲೇಖಕರ ಬಗ್ಗೆ ಸೌಜನ್ಯವಿರುವವರು ಇದನ್ನೇ ಕೊಳ್ಳಬೇಕೆಂಬ ಮನವಿ ಅದರ ಹೊದಿಕೆಯ ಮೇಲಿತ್ತು. ಜೊತೆಗೆ, ತಮಗೆ ಕಾಗದ ಬರೆದ ಅಮೆರಿಕದ ಅಭಿಮಾನಿಗಳಿಗೆ ಉತ್ತರಿಸುವಾಗಲೆಲ್ಲ ವಿಷಯ ತಿಳಿಸಿದರು. ಓದುಗರು ಆ ಮಾತನ್ನು ಬಾಯಿಂದ ಬಾಯಿಗೆ ಹರಡಿದರು. ಇಪ್ಪತ್ತು ಸೆಂಟ್ ಹೆಚ್ಚು ಕೊಟ್ಟು ಅಧಿಕೃತ ಪ್ರತಿಯನ್ನೇ ಕೊಂಡರು. 1966ರ ಆರಂಭದಲ್ಲಿ ಏಸ್ ಸಂಸ್ಥೆ ಲೇಖಕನಿಗೆ ಗೌರವಧನ ಕೊಡಲು, ದಾಸ್ತಾನು ಮುಗಿದ ಮೇಲೆ ಮರುಮುದ್ರಿಸದಿರಲು ಒಪ್ಪಿಕೊಂಡಿತು. ಕೃತಿಗೆ ಅಮೆರಿಕದಲ್ಲಿ ಹಕ್ಕು ಮೊದಲಿಂದಲೂ ಇತ್ತೆಂದು ನ್ಯಾಯಾಲಯವೊಂದು ಹೇಳಿದ್ದು 1992ರಲ್ಲಿ. ಟೋಲ್ಕಿನ್ 1973ರಲ್ಲೇ ತೀರಿಕೊಂಡಿದ್ದರು. ಕಾನೂನು ತೀರ್ಮಾನಕ್ಕೆ ಬರುವ ಕಾಲು ಶತಮಾನ ಮೊದಲೇ ಓದುಗರು ತೀರ್ಪು ಕೊಟ್ಟಾಗಿತ್ತು.

ನಮ್ಮಲ್ಲಿ

ಭಾರತದಲ್ಲಿ ಕೃತಿಸ್ವಾಮ್ಯದ ಕಾನೂನು ಹೊಸದೇನಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದಲ್ಲಿ 1847ರಲ್ಲೇ ಒಂದು ಶಾಸನವಾಗಿತ್ತು. 1914ರದು ಬ್ರಿಟಿಷ್ ಶಾಸನದ ಪಡಿಯಚ್ಚು. ಈಗ ಜಾರಿಯಲ್ಲಿರುವುದು 1957ರ ಕಾಯಿದೆ. ಅದು 1958ರ ಜನವರಿ 21ರಿಂದ ಅನ್ವಯವಾಯಿತು. ಲೇಖಕನ ಮರಣಾನಂತರ 50 ವರ್ಷವಿದ್ದ ಅವಧಿಯನ್ನು 1992ರಲ್ಲಿ 60ಕ್ಕೆ ಏರಿಸಲಾಯಿತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಈ ತಿದ್ದುಪಡಿ ಬಂದದ್ದು ಆಕಸ್ಮಿಕವಲ್ಲ.

ಕಾಯಿದೆ ಕಾಪಾಡುವುದು ವಿಚಾರವನ್ನಲ್ಲ, ವಿಚಾರವನ್ನು ಹೇಳಿದ ರೀತಿಯನ್ನು. ತನ್ನ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ಕದ್ದು ‘ನ್ಯೂ ಡೆಲ್ಲಿ’ ಚಲನಚಿತ್ರ ತೆಗೆದಿದ್ದಾರೆಂದು ಆರ್. ಜಿ. ಆನಂದ್ ಎಂಬ ನಾಟಕಕಾರ ಹೂಡಿದ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಕಥಾವಸ್ತು ಒಂದೇ ಆದರೆ ಸಾಲದು, ನಿರೂಪಣೆಯೂ ನಕಲಾಗಿರಬೇಕು. ಆನಂದ್ ಸೋತರು.

ಕನ್ನಡದವರಿಗೆ ಹತ್ತಿರದ ಪ್ರಕರಣ ಶಿವರಾಮ ಕಾರಂತರದು. 1997ರಲ್ಲಿ ನಿಧನರಾದ ಕಾರಂತರು ಯಕ್ಷಗಾನಕ್ಕೆ ಹೊಸ ರಂಗರೂಪ ಕೊಟ್ಟು ಬ್ಯಾಲೆಗಳನ್ನು ರೂಪಿಸಿದ್ದರು. ಅವುಗಳ ಹಕ್ಕು ತಮಗೆ ಸೇರಿದ್ದೆಂದು ಅವರ ಉಯಿಲಿನ ಆಧಾರದ ಮೇಲೆ ಹಕ್ಕುದಾರರು, ಪ್ರದರ್ಶನ ನೀಡಿದ್ದ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ವಿರುದ್ಧ ದಾವೆ ಹೂಡಿದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಕ್ಕುದಾರರ ಸ್ವಾಮ್ಯವನ್ನು ಎತ್ತಿಹಿಡಿಯಿತು. ಆದರೆ ಶಿಕ್ಷಣ ಮೊದಲಾದ ಉದ್ದೇಶಗಳಿಗೆ ಕಾಯಿದೆಯೇ ಕೊಟ್ಟಿರುವ ವಿನಾಯಿತಿಗಳಿಗೆ ತಡೆಯಾಜ್ಞೆ ಅಡ್ಡಬರುವುದಿಲ್ಲ ಎಂದೂ ಹೇಳಿತು. ನೂರಾರು ವರ್ಷ ಯಾರ ಸ್ವತ್ತೂ ಆಗಿರದ ಪರಂಪರೆಯೊಳಗೆ ಒಬ್ಬ ವ್ಯಕ್ತಿ ಸೇರಿಸಿದ ಪಾಲು ಎಷ್ಟು ಎಂದು ಅಳೆಯುವ ಕಷ್ಟ ಆ ಮೊಕದ್ದಮೆಯ ಹಿಂದಿತ್ತು.

ಈಗ ನಕಲು ಮಾಡಲು ಮೊಳೆಯೂ ಬೇಡ, ಕಾಗದವೂ ಬೇಡ. ಅಂತರ್ಜಾಲದಲ್ಲಿ ಒಬ್ಬರ ಲೇಖನವನ್ನು ಹೆಸರು ಅಳಿಸಿ ಇನ್ನೊಂದೆಡೆ ಅಂಟಿಸಲು ಕ್ಷಣ ಸಾಕು. ಹಕ್ಕು ಮಾತ್ರ ಹಳೆಯದೇ. ಬರೆದ ಗಳಿಗೆಯಿಂದಲೇ ಅದು ಬರೆದವನದು, ನೋಂದಣಿ ಕಡ್ಡಾಯವಲ್ಲ. ತನ್ನ ಹೆಸರನ್ನು ಉಳಿಸಿಕೊಳ್ಳುವ ಹಕ್ಕು, ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಲೇಖಕನ ಬಳಿಯೇ ಇರುತ್ತದೆ. 2012ರ ತಿದ್ದುಪಡಿಯ ಪ್ರಕಾರ, ತಾಣಗಳಿಗೆ ಎಡೆಮಾಡಿಕೊಡುವ ಮಧ್ಯವರ್ತಿ ಸಂಸ್ಥೆಗೆ ಹಕ್ಕುದಾರ ಲಿಖಿತ ದೂರು ಕೊಟ್ಟರೆ ಅದು 21 ದಿನಗಳ ಮಟ್ಟಿಗೆ ಆ ನಕಲು ಸಿಗದಂತೆ ಮಾಡಬೇಕು. ಅಷ್ಟರೊಳಗೆ ದೂರುದಾರ ನ್ಯಾಯಾಲಯದ ಆದೇಶ ತರಬೇಕು. ಮೂಲದ ದಿನಾಂಕ ತೋರಿಸುವ ಪ್ರತಿಯನ್ನು ಜೋಪಾನವಾಗಿಟ್ಟುಕೊಂಡು, ಮೊದಲು ಸೌಜನ್ಯದಿಂದ, ಆಮೇಲೆ ಲಿಖಿತ ದೂರಿನಿಂದ, ಕೊನೆಯಲ್ಲಿ ಮಾತ್ರ ವಕೀಲರಿಂದ ಮುಂದುವರಿಯುವುದು ಜಾಣತನ. ಡಿಕನ್ಸ್ 700 ಪೌಂಡ್ ತೆತ್ತು ಕಲಿತ ಪಾಠವಿದು.

ಅತ್ತಿಮಬ್ಬೆಯ ಸಾವಿರ ಪ್ರತಿಗಳಿಗೂ ಪಾರ್ಲೀಸ್ ಪತ್ರಿಕೆಯ ಎರಡು ಪೆನ್ಸಿನ ಪ್ರತಿಗಳಿಗೂ ಇರುವ ವ್ಯತ್ಯಾಸ ಕೇವಲ ಕಾಲದ್ದಲ್ಲ. ಆಕೆ ಖರ್ಚು ತಾನು ಹೊತ್ತು, ಕೀರ್ತಿಯನ್ನು ಪೊನ್ನನಿಗೆ ಬಿಟ್ಟಳು. ಆ ಪ್ರತಿಗಳನ್ನು ಓದಿದವರೆಲ್ಲ ಓದಿದ್ದು ಪೊನ್ನನ ಕಾವ್ಯವನ್ನೇ.